ಕಟ್ಟದೇ ಉಳಿದ 150 ಮಹಡಿ

ಮ್ಯಾನ್‌ಹಟನ್‌ನ ಪಶ್ಚಿಮದ ಅಂಚಿನಲ್ಲಿ, 69ನೇ ಬೀದಿ ಹೋಗಿ ಹಡ್ಸನ್ ನದಿಗೆ ಮುಟ್ಟುವ ನೇರಕ್ಕೆ, ನೀರಿನೊಳಗೆ ತುಕ್ಕು ಹಿಡಿದ ಒಂದು ಕಬ್ಬಿಣದ ಗೋಪುರ ನಿಂತಿದೆ. ಈಚೆಗೆ ಪಾರ್ಕು, ಓಡುವವರು, ಸೈಕಲ್ಲಿನವರು, ತಳ್ಳುಗಾಡಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಬಂದವರು. ಅದರ ಹಿಂದೆ ಸಾಲಾಗಿ ಎತ್ತರದ ಅಪಾರ್ಟ್‌ಮೆಂಟುಗಳು. ಹೊಸಬರು ಈ ಗೋಪುರ ನೋಡಿ "ಯಾವುದೋ ಮಾಡರ್ನ್ ಆರ್ಟ್ ಇರಬೇಕು" ಅಂದುಕೊಂಡರೆ ತಪ್ಪೇನಿಲ್ಲ. ಆದರೆ ಅದು ಕಲೆಯಲ್ಲ. 1911ರಲ್ಲಿ ಕಟ್ಟಿದ ಯಂತ್ರ. ಸರಕು ತುಂಬಿದ ರೈಲು ಡಬ್ಬಿಗಳನ್ನು ದೋಣಿಗೆ ಹತ್ತಿಸುತ್ತಿದ್ದ ಯಂತ್ರ!

59ನೇ ಬೀದಿಯಿಂದ 72ನೇ ಬೀದಿಯವರೆಗೆ, ಹೆಚ್ಚೂಕಡಿಮೆ ಒಂದು ಕಿಲೋಮೀಟರ್ ಉದ್ದಕ್ಕೆ, ಸುಮಾರು 75 ಎಕರೆ ಜಾಗ ಒಂದು ಕಾಲದಲ್ಲಿ ಪೂರ್ತಿ ರೈಲ್ವೆ ಯಾರ್ಡ್ ಆಗಿತ್ತು. 1985ರಲ್ಲಿ ಇದೇ ಜಾಗದಲ್ಲಿ ಜಗತ್ತಿನ ಅತಿ ಎತ್ತರದ ಕಟ್ಟಡ ಕಟ್ಟುತ್ತೇವೆ ಅಂತ ಒಂದು ಯೋಜನೆ ಹೊರಟಿತ್ತು. 150 ಮಹಡಿ. ಅದು ಏಳಲಿಲ್ಲ. ಅದರ ಬದಲು ಈಗ ಅಲ್ಲಿರುವುದು ನಾನು ಮೇಲೆ ಹೇಳಿದ ಪಾರ್ಕು ಮತ್ತು ಮನೆಗಳು.

ಕಟ್ಟಿದ ಕಟ್ಟಡಗಳ ಕತೆ ಎಲ್ಲರೂ ಬರೆಯುತ್ತಾರೆ. ಕಟ್ಟದೇ ಹೋದದ್ದರ ಕತೆ ಕೆಲವು ಸಲ ಅದಕ್ಕಿಂತ ಹೆಚ್ಚು ಕಲಿಸುತ್ತದೆ ಅಂತ ನನಗನ್ನಿಸುತ್ತದೆ. ಸ್ವಲ್ಪ ಉದ್ದವಿದೆ, ಕಾಫಿ ಮಾಡಿಕೊಂಡು ಬಂದು ಕೂತ್ಕೊಳ್ಳಿ :-)

*

ಮೊದಲು ರೈಲಿನ ಕತೆ.

ಹಡ್ಸನ್ ನದಿಯ ದಂಡೆಯಲ್ಲಿ ರೈಲು ಓಡತೊಡಗಿದ್ದು 1849ರಲ್ಲಿ. 1851ರ ಹೊತ್ತಿಗೆ ಹಳಿ ಆಲ್ಬನಿವರೆಗೆ ತಲುಪಿತ್ತು. ಮುಂದೆ ಕಾರ್ನೀಲಿಯಸ್ ವ್ಯಾಂಡರ್‌ಬಿಲ್ಟ್ ಕೈಗೆ ಬಂದು, 1869ರಲ್ಲಿ ನ್ಯೂಯಾರ್ಕ್ ಸೆಂಟ್ರಲ್ ರೈಲ್ವೆಯ ಜೊತೆ ಸೇರಿಹೋಯಿತು. ಮ್ಯಾನ್‌ಹಟನ್ ಒಂದು ದ್ವೀಪ ಅನ್ನೋದನ್ನ ನೆನಪಿಟ್ಟುಕೊಳ್ಳಿ. ಉತ್ತರದಿಂದ ನೇರವಾಗಿ ಸರಕು ರೈಲು ಈ ದ್ವೀಪದ ಒಳಗೆ ಬರುತ್ತಿದ್ದದ್ದು ಈ ಒಂದೇ ದಾರಿಯಲ್ಲಿ. ಊರಿನ ಹಾಲು, ಮಾಂಸ, ಧಾನ್ಯ ಎಲ್ಲಕ್ಕೂ ಇದು ಬಾಗಿಲು.

ಆ ಕಾಲದಲ್ಲಿ ರೈಲು ಬೀದಿಯ ಮೇಲೇ ಓಡುತ್ತಿತ್ತು. ಜನ ಅಡ್ಡ ಸಿಕ್ಕಿ ಸಾಯುತ್ತಿದ್ದರು. ಹಾಗಾಗಿ ಆ ಬೀದಿಗೆ 'ಸಾವಿನ ಬೀದಿ' ಅಂತಲೇ ಹೆಸರು ಬಿದ್ದಿತ್ತು. ಎಂಜಿನ್ನಿನ ಮುಂದೆ ಒಬ್ಬ ಕುದುರೆ ಸವಾರ ಕೆಂಪು ಬಾವುಟ ಹಿಡಿದುಕೊಂಡು "ದಾರಿ ಬಿಡಿ" ಅಂತ ಹೋಗುತ್ತಿದ್ದ. ನ್ಯೂಯಾರ್ಕಿನಂಥ ನ್ಯೂಯಾರ್ಕಿನಲ್ಲಿ ಈ ಕುದುರೆ ಸವಾರರು 1941ರವರೆಗೂ ಇದ್ದರು ಅಂದರೆ ನಂಬುತ್ತೀರಾ?

60ನೇ ಬೀದಿಯ ಯಾರ್ಡಿನಲ್ಲಿ ರೈಲುಗಳನ್ನು ಬಿಡಿಸಿ, ಡಬ್ಬಿಗಳನ್ನು ವಿಂಗಡಿಸಿ, ಮತ್ತೆ ಜೋಡಿಸುತ್ತಿದ್ದರು. ಹಡ್ಸನ್ ದಾಟಿ ನ್ಯೂಜೆರ್ಸಿಗೆ ಹೋಗಬೇಕಾದ ಡಬ್ಬಿಗಳು 69ನೇ ಬೀದಿಯ ಆ ಗೋಪುರಕ್ಕೆ ಬರುತ್ತಿದ್ದವು. ಸಮುದ್ರದ ಉಬ್ಬರ ಇಳಿತಕ್ಕೆ ನದಿಯ ನೀರು ಏರಿಳಿಯುತ್ತದೆ, ಜೊತೆಗೆ ದೋಣಿಯೂ ಏರಿಳಿಯುತ್ತದೆ. ನೆಲದ ಮೇಲಿನ ಹಳಿ ಮಾತ್ರ ಇದ್ದಲ್ಲೇ ಇರುತ್ತದೆ. ಎರಡನ್ನೂ ಒಂದೇ ಮಟ್ಟಕ್ಕೆ ತರಲು ಹಳಿಯಿರುವ ಒಂದು ಸೇತುವೆಯನ್ನು ಮೇಲಿನಿಂದ ತೂಗುಹಾಕಿ, ಬೇಕಾದಷ್ಟು ಎತ್ತಿ ಇಳಿಸುತ್ತಿದ್ದರು. ದೋಣಿಯ ಮೇಲಿನ ಹಳಿಗೂ ನೆಲದ ಹಳಿಗೂ ಕೂಡಿಸಿ ಡಬ್ಬಿಗಳನ್ನು ತಳ್ಳಿದರೆ ಆಯಿತು. ಸರಳ ಬುದ್ಧಿವಂತಿಕೆ.

1930ರ ದಶಕದಲ್ಲಿ ಎರಡು ಬದಲಾವಣೆ ಆದವು. ದಕ್ಷಿಣದ ಕಡೆ ರೈಲನ್ನು ಬೀದಿಯಿಂದ ಎತ್ತಿ ಮೇಲ್ಸೇತುವೆಗೆ ಹಾಕಿದರು (ಈಗ ಎಲ್ಲರೂ ಫೋಟೋ ಹಾಕುವ ಹೈಲೈನ್ ಪಾರ್ಕ್ ಅದೇ). ಉತ್ತರದ ಕಡೆ, 72ನೇ ಬೀದಿಯಿಂದ ಆಚೆಗೆ, ರಾಬರ್ಟ್ ಮೋಸೆಸ್ ಹಳಿಗಳ ಮೇಲೆ ಮುಚ್ಚಿಗೆ ಹಾಕಿ ರಿವರ್‌ಸೈಡ್ ಪಾರ್ಕನ್ನು ನದಿಯವರೆಗೆ ಚಾಚಿದರು. ನಡುವೆ ಉಳಿದದ್ದು ಈ ಯಾರ್ಡ್. ಅದರ ಮೇಲೆ ಕಂಬಗಳ ಮೇಲೆ ಒಂದು ಹೆದ್ದಾರಿಯೂ ಬಂತು. ಪಾರ್ಕು 72ನೇ ಬೀದಿಗೆ ಬಂದು ಕತ್ತರಿಸಿದ ಹಾಗೆ ನಿಂತುಬಿಟ್ಟಿತು. ಈ ಒಂದು ವಿಷಯ ನೆನಪಿರಲಿ, ಮುಂದೆ ಬೇಕಾಗುತ್ತದೆ.

*

ಎರಡನೇ ಮಹಾಯುದ್ಧದ ನಂತರ ಲಾರಿಗಳು ಬಂದವು, ಅಂತರರಾಜ್ಯ ಹೆದ್ದಾರಿಗಳು ಬಂದವು. 1956ರಲ್ಲಿ ಕಂಟೇನರ್ ಹಡಗು ಶುರುವಾಯಿತು. ಕಂಟೇನರಿಗೆ ಬೇಕಾದದ್ದು ವಿಶಾಲವಾದ ಖಾಲಿ ನೆಲ. ಅದು ಮ್ಯಾನ್‌ಹಟನ್ನಿನಲ್ಲಿ ಎಲ್ಲಿ? ಬಂದರಿನ ವ್ಯವಹಾರವೆಲ್ಲ ಆಚೆ ದಡದ ನ್ಯೂಜೆರ್ಸಿಗೆ ಹೋಯಿತು. ನಷ್ಟದಲ್ಲಿದ್ದ ನ್ಯೂಯಾರ್ಕ್ ಸೆಂಟ್ರಲ್ ಮತ್ತು ಪೆನ್ಸಿಲ್ವೇನಿಯಾ ರೈಲ್ವೆ 1968ರಲ್ಲಿ ಒಂದಾಗಿ ಪೆನ್ ಸೆಂಟ್ರಲ್ ಆದವು. ಇಬ್ಬರು ಮುಳುಗುವವರು ಒಬ್ಬರನ್ನೊಬ್ಬರು ಹಿಡಿದುಕೊಂಡ ಹಾಗೆ. 1970ರ ಜೂನ್‌ನಲ್ಲಿ ಅದು ದಿವಾಳಿಯಾಯಿತು. ಅಮೆರಿಕದಲ್ಲಿ ಅಲ್ಲಿಯವರೆಗೆ ಕಂಡ ಅತಿ ದೊಡ್ಡ ದಿವಾಳಿ.

ದಿವಾಳಿಯಾದ ಕಂಪನಿಯ ಹತ್ತಿರ ಮಾರಲು ಇದ್ದದ್ದು ಜಮೀನು. 1974ರಲ್ಲಿ ಈ ಯಾರ್ಡನ್ನೂ 34ನೇ ಬೀದಿಯ ಇನ್ನೊಂದು ಯಾರ್ಡನ್ನೂ ಕೊಳ್ಳುವ ಹಕ್ಕು ಪಡೆದವರು 28 ವರ್ಷದ ಒಬ್ಬ ಬಿಲ್ಡರ್. ಹೆಸರು ಡೊನಾಲ್ಡ್ ಟ್ರಂಪ್. ಹೌದು, ಮುಂದೆ ಎರಡು ಬಾರಿ ಅಧ್ಯಕ್ಷರಾಗಿ ಗೆದ್ದ ಅದೇ ಟ್ರಂಪ್. 34ನೇ ಬೀದಿಯ ಜಾಗದಲ್ಲಿ ಆಮೇಲೆ ಜಾವಿಟ್ಸ್ ಸಮ್ಮೇಳನ ಕೇಂದ್ರ ಬಂತು (1986). 60ನೇ ಬೀದಿಯಲ್ಲಿ ಸಾವಿರಾರು ಮನೆ ಕಟ್ಟುವ ಅವರ ಮೊದಲ ಯೋಚನೆ ಮುಂದಕ್ಕೆ ಹೋಗಲಿಲ್ಲ. ಆಗ ನಗರಸಭೆಯೇ ದಿವಾಳಿಯ ಅಂಚಿನಲ್ಲಿತ್ತು. ಸರ್ಕಾರದ ನೆರವಿನ ಮನೆಗಳಿಗೆ ದುಡ್ಡು ಎಲ್ಲಿಂದ ಬರಬೇಕು? ಕೊಳ್ಳುವ ಹಕ್ಕನ್ನು ಕೈಬಿಟ್ಟರು.

ನಂತರ ಬಂದವರು ಅರ್ಜೆಂಟೀನಾದ ಉದ್ಯಮಿ ಫ್ರಾನ್ಸಿಸ್ಕೊ ಮಾಕ್ರಿ (2015ರಿಂದ 2019ರವರೆಗೆ ಆ ದೇಶದ ಅಧ್ಯಕ್ಷರಾಗಿದ್ದ ಮೌರಿಸಿಯೊ ಮಾಕ್ರಿಯ ತಂದೆ). ಅವರ 'ಲಿಂಕನ್ ವೆಸ್ಟ್' ಯೋಜನೆಗೆ 1982ರಲ್ಲಿ ಒಪ್ಪಿಗೆ ಸಿಕ್ಕಿತು. 4,300 ಮನೆ. ಒಪ್ಪಿಗೆ ಸಿಗಲಿ ಅಂತ ಪಾರ್ಕು ಮಾಡಿಕೊಡ್ತೀನಿ, ಸಬ್‌ವೇ ಸ್ಟೇಷನ್ ಸರಿ ಮಾಡಿಸ್ತೀನಿ ಅಂತ ಮಾಕ್ರಿ ಕೇಳಿದ್ದಕ್ಕೆಲ್ಲ ತಲೆಯಾಡಿಸಿದರು. ಆದರೆ ಕಟ್ಟಲು ಸಾಲ ಹುಟ್ಟಲಿಲ್ಲ. 1985ರ ಜನವರಿಯಲ್ಲಿ ಜಾಗ ಮತ್ತೆ ಟ್ರಂಪ್ ಕೈಗೆ ಬಂತು, ಈ ಸಲ ಖರೀದಿಯಾಗಿಯೇ. ಬೆಲೆ ಸುಮಾರು 11.5 ಕೋಟಿ ಡಾಲರ್.

ಇಲ್ಲಿ ಒಂದು ಸೂಕ್ಷ್ಮ ಇದೆ. ಮಾಕ್ರಿಗೆ ಸಿಕ್ಕಿದ್ದ ಒಪ್ಪಿಗೆಯಂತೆ 4,300 ಮನೆ ಕಟ್ಟಿಕೊಂಡು ಹೋಗಿದ್ದರೆ ಹೆಚ್ಚು ತಕರಾರು ಇರುತ್ತಿರಲಿಲ್ಲ. ಅದಕ್ಕಿಂತ ದೊಡ್ಡದು ಬೇಕು ಅಂದರೆ ನಗರದ ಮುಂದೆ ಹೊಸದಾಗಿ ಅರ್ಜಿ ಹಾಕಬೇಕು. ಟ್ರಂಪ್ ಆರಿಸಿಕೊಂಡದ್ದು ಎರಡನೇ ದಾರಿ.

*

1985ರ ನವೆಂಬರ್. 'ಟೆಲಿವಿಷನ್ ಸಿಟಿ' ಅನ್ನೋ ಹೆಸರಿನಲ್ಲಿ ನಕ್ಷೆ ಹೊರಬಂತು. ವಾಸ್ತುಶಿಲ್ಪಿ ಶಿಕಾಗೋದ ಹೆಲ್ಮುಟ್ ಯಾನ್. ನಡುವೆ 150 ಮಹಡಿಯ ಗೋಪುರ, ಎತ್ತರ 1,670 ಅಡಿ, ಅಂದರೆ 509 ಮೀಟರ್. ಆಗ ಜಗತ್ತಿನ ಅತಿ ಎತ್ತರದ ಕಟ್ಟಡ ಶಿಕಾಗೋದ ಸಿಯರ್ಸ್ ಟವರ್, 442 ಮೀಟರ್. (ತಮಾಷೆ ನೋಡಿ, 2004ರಲ್ಲಿ ಮುಗಿದ ತೈಪೆ 101 ಕಟ್ಟಡ 508 ಮೀಟರ್. ಟ್ರಂಪ್ ಗೋಪುರ ಎದ್ದಿದ್ದರೆ ಅದಕ್ಕೂ ಒಂದು ಮೀಟರ್ ಹೆಚ್ಚೇ ಇರುತ್ತಿತ್ತು.) ಸುತ್ತ 76 ಮಹಡಿಯ ಆರು ಗೋಪುರಗಳು. ಸುಮಾರು 8,000 ಮನೆ. 17 ಲಕ್ಷ ಚದರಡಿಯ ಮಾಲ್. ಎಂಟು ಸಾವಿರಕ್ಕೂ ಹೆಚ್ಚು ಕಾರು ನಿಲ್ಲಿಸುವ ಜಾಗ. ಟೀವಿ ಸ್ಟುಡಿಯೋಗಳು. ಎನ್‌ಬಿಸಿ ವಾಹಿನಿ ರಾಕ್‌ಫೆಲರ್ ಸೆಂಟರ್ ಬಿಟ್ಟು ಇಲ್ಲಿಗೆ ಬರಲಿ ಅನ್ನೋ ಆಸೆಗೇ ಆ ಹೆಸರು.

ಇದೆಲ್ಲ ಕೂರುವುದು ಒಂದು ಮಹಾ ಜಗಲಿಯ ಮೇಲೆ. ಕಾರು, ಮಾಲು, ಸ್ಟುಡಿಯೋ ಎಲ್ಲ ಜಗಲಿಯ ಹೊಟ್ಟೆಯೊಳಗೆ, ಮೇಲೆ ಹುಲ್ಲು, ಹುಲ್ಲಿನ ಮೇಲೆ ಗೋಪುರಗಳು. ಊರಿನ ಬೀದಿಗಳು ಬಂದು ಜಗಲಿಯ ಗೋಡೆಗೆ ಮುಗಿಯುತ್ತವೆ. ಅಂದರೆ ಊರಿನ ಪಕ್ಕದಲ್ಲಿ ಇನ್ನೊಂದು ಊರು, ನಡುವೆ ಗೋಡೆ.

ನಕ್ಷೆಯಲ್ಲಿ ಎತ್ತರ ಕಾಣುತ್ತದೆ, ನೆರಳು ಕಾಣುವುದಿಲ್ಲ. 509 ಮೀಟರ್ ಗೋಪುರದ ನೆರಳು ಬೆಳಿಗ್ಗೆ ನದಿಯ ಮೇಲೆ, ಮಧ್ಯಾಹ್ನದ ಮೇಲೆ ಪೂರ್ವದಲ್ಲಿರುವ ಮನೆಗಳ ಮೇಲೆ. ಅಲ್ಲಿಯ ಜನ ಲೆಕ್ಕ ಹಾಕತೊಡಗಿದರು. 72ನೇ ಬೀದಿಯ ಸಬ್‌ವೇ ಸ್ಟೇಷನ್ 1904ರದ್ದು, ಪ್ಲಾಟ್‌ಫಾರಂ ಇಕ್ಕಟ್ಟು, ಆಗಲೇ ಕಾಲಿಡಲು ಜಾಗವಿಲ್ಲ. ಎಂಟು ಸಾವಿರ ಮನೆಯವರು ಎಲ್ಲಿ ಹತ್ತುತ್ತಾರೆ? ಅಷ್ಟು ಕಾರುಗಳು ಯಾವ ರಸ್ತೆಗೆ ಇಳಿಯುತ್ತವೆ?

ಇನ್ನೊಂದು ಪ್ರಶ್ನೆ ನನ್ನನ್ನು ಹೆಚ್ಚು ಕಾಡಿದ್ದು. ಇಷ್ಟು ಮನೆಗಳ ಕೊಳಚೆ ಎಲ್ಲಿಗೆ ಹೋಗುತ್ತದೆ? ಮ್ಯಾನ್‌ಹಟನ್ನಿನ ಪಶ್ಚಿಮ ಭಾಗದ ಕೊಳಚೆಯೆಲ್ಲ ಉತ್ತರಕ್ಕೆ ಹರಿದು ಪಶ್ಚಿಮ ಹಾರ್ಲೆಮ್‌ನ ನಾರ್ತ್ ರಿವರ್ ಶುದ್ಧೀಕರಣ ಘಟಕಕ್ಕೆ ಸೇರುತ್ತದೆ. 1986ರಲ್ಲಿ ಶುರುವಾದ ಆ ಘಟಕದ ನಾತಕ್ಕೆ ಸುತ್ತಲಿನ ಜನ, ಹೆಚ್ಚಿನವರು ಕರಿಯರು ಮತ್ತು ಲ್ಯಾಟಿನ್ ಅಮೆರಿಕ ಮೂಲದವರು, ಕಿಟಕಿ ತೆರೆಯಲಾಗದೆ ಬೀದಿಗಿಳಿದಿದ್ದರು. ನದಿಯ ನೋಟ ಒಬ್ಬರಿಗೆ, ಅದರ ನಾತ ಇನ್ನೊಬ್ಬರಿಗೆ. ದೊಡ್ಡ ಕಟ್ಟಡದ ಚರ್ಚೆಯಲ್ಲಿ ನಾವು ಯಾವಾಗಲೂ ಮೇಲಕ್ಕೆ ನೋಡುತ್ತೇವೆ. ಸ್ವಲ್ಪ ಕೆಳಗೂ ನೋಡಬೇಕು.

*

ಬೇಡ ಅನ್ನುವವರು ಸಂಘಟಿತರಾದರು. 'ವೆಸ್ಟ್‌ಪ್ರೈಡ್' ಅನ್ನೋ ಸಂಘ ಹುಟ್ಟಿತು. ದುಡ್ಡು ಕೂಡಿಸಿದರು, ವಕೀಲರನ್ನು ಹಿಡಿದರು. ಟ್ರಂಪ್ 1986ರಲ್ಲಿ ವಾಸ್ತುಶಿಲ್ಪಿಯನ್ನು ಬದಲಿಸಿ ಅಲೆಕ್ಸಾಂಡರ್ ಕೂಪರ್ ಅವರನ್ನು ತಂದರು. ಗೋಪುರ 136 ಮಹಡಿಗೆ ಇಳಿಯಿತು. ಆದರೂ ಜಗತ್ತಿನ ಅತಿ ಎತ್ತರದ್ದೇ.

ಯೋಜನೆಗೆ ಮೊದಲ ದೊಡ್ಡ ಪೆಟ್ಟು ಬಿದ್ದದ್ದು ಎನ್‌ಬಿಸಿ ವಿಷಯದಲ್ಲಿ. ಎನ್‌ಬಿಸಿಯನ್ನು ಊರಿನಲ್ಲೇ ಉಳಿಸಿಕೊಳ್ಳಬೇಕಾದರೆ ನನಗೆ ದೊಡ್ಡ ತೆರಿಗೆ ರಿಯಾಯಿತಿ ಕೊಡಿ ಅಂತ ಟ್ರಂಪ್ ಕೇಳಿದರು. ಮೇಯರ್ ಎಡ್ ಕಾಚ್ 1987ರಲ್ಲಿ ಆಗಲ್ಲ ಅಂದರು. ರಿಯಾಯಿತಿ ಕೊಡುವುದಾದರೆ ಎನ್‌ಬಿಸಿಗೇ ಕೊಡ್ತೀವಿ, ಅವರು ಎಲ್ಲಿ ಬೇಕಾದರೂ ಇರಲಿ ಅನ್ನೋದು ನಗರದ ವಾದ. ಇಬ್ಬರೂ ಪತ್ರಿಕೆಗಳಲ್ಲಿ ಬಾಯಿಗೆ ಬಂದಂತೆ ಬೈದಾಡಿಕೊಂಡರು. ಆ ವರ್ಷದ ಕೊನೆಗೆ ಎನ್‌ಬಿಸಿ ತೆರಿಗೆ ರಿಯಾಯಿತಿ ಪಡೆದು ರಾಕ್‌ಫೆಲರ್ ಸೆಂಟರಿನಲ್ಲೇ ಉಳಿಯಿತು. ಟೆಲಿವಿಷನ್ ಸಿಟಿಯಲ್ಲಿ ಟೆಲಿವಿಷನ್ನೇ ಇಲ್ಲ! ಆಮೇಲೆ ಅದಕ್ಕೆ 'ಟ್ರಂಪ್ ಸಿಟಿ' ಅಂತ ಹೆಸರಿಟ್ಟರು.

ಅಷ್ಟರಲ್ಲಿ ಕಾಲ ಕೆಟ್ಟಿತು. 1980ರ ದಶಕದ ಕೊನೆಗೆ ಜಮೀನಿನ ಬೆಲೆ ಕುಸಿಯಿತು. ಖಾಲಿ ಜಾಗ ಒಂದು ಪೈಸೆ ದುಡಿಯುತ್ತಿರಲಿಲ್ಲ, ಆದರೆ ಬಡ್ಡಿಗೆ ಭಾನುವಾರದ ರಜೆ ಇಲ್ಲವಲ್ಲ? 1990ರಲ್ಲಿ ಟ್ರಂಪ್ ಬ್ಯಾಂಕುಗಳ ಮುಂದೆ ಸಾಲದ ಮರುಹೊಂದಾಣಿಕೆಗೆ ಕೂತಿದ್ದರು.

ಕತೆ ಇಲ್ಲಿಗೇ ಮುಗಿಯಬಹುದಿತ್ತು. ವಿರೋಧಿಗಳು ಗೆದ್ದರು, ಬಿಲ್ಡರ್ ಸೋತರು, ಶುಭಂ. ಆದರೆ ಹಾಗಾಗಲಿಲ್ಲ.

*

ವಿರೋಧಿಗಳ ಪಾಳೆಯದಲ್ಲೇ ಕೆಲವರು ಬೇರೆ ಥರ ಯೋಚಿಸುತ್ತಿದ್ದರು. ಇವತ್ತು ಈ ಯೋಜನೆ ಬಿದ್ದರೂ ನಾಳೆ ಬ್ಯಾಂಕು ಜಾಗವನ್ನು ಬೇರೆಯವರಿಗೆ ಮಾರುತ್ತದೆ. ಅವರು ಇನ್ನೊಂದು ನಕ್ಷೆ ತರುತ್ತಾರೆ. ಎಷ್ಟು ಸಲ "ಬೇಡ" ಅನ್ನೋದು? ನಮಗೆ ಏನು ಬೇಕು ಅಂತ ನಾವೇ ಒಂದು ನಕ್ಷೆ ಬರೆದರೆ?

ವಾಸ್ತುಶಿಲ್ಪಿ ಪಾಲ್ ವಿಲನ್ ಮತ್ತು ಪರಿಸರ ಯೋಜಕ ಡೇನಿಯಲ್ ಗಟ್‌ಮನ್ ಬರೆದೇಬಿಟ್ಟರು. ಅವರ ಕಣ್ಣು ಬಿದ್ದದ್ದು ಗೋಪುರದ ಮೇಲಲ್ಲ, ಕಂಬಗಳ ಮೇಲಿನ ಆ ಹೆದ್ದಾರಿಯ ಮೇಲೆ. ಅದು ನದಿಗೂ ಜಾಗಕ್ಕೂ ನಡುವೆ ಬೇಲಿಯ ಹಾಗೆ ನಿಂತಿದೆ. ಅದನ್ನು ಕೆಡವಿ, ಒಳಕ್ಕೆ ಸರಿಸಿ, ಹೊಸ ರಸ್ತೆಯ ಕೆಳಗೆ ಹುದುಗಿಸಿ. ಆಗ ನದಿಯ ಕಡೆಯ ನೆಲವೆಲ್ಲ ಬಿಡುಗಡೆಯಾಗುತ್ತದೆ. 72ನೇ ಬೀದಿಯಲ್ಲಿ ಅರ್ಧಕ್ಕೆ ನಿಂತಿದ್ದ ರಿವರ್‌ಸೈಡ್ ಪಾರ್ಕು 59ನೇ ಬೀದಿಯವರೆಗೆ ಮುಂದುವರಿಯುತ್ತದೆ. ಜಗಲಿ ಬೇಡ. ಊರಿನ ಬೀದಿಗಳೇ ಮುಂದುವರಿದು ಹೊಸ ರಸ್ತೆಗೆ ಸೇರಲಿ, ಕಟ್ಟಡಗಳು ಬೀದಿಗೆ ಮುಖ ಮಾಡಿ ನಿಲ್ಲಲಿ. ಎತ್ತರ ಸುಮಾರು 50 ಮಹಡಿಯೊಳಗೆ, ಒಟ್ಟು ಗಾತ್ರ ಟ್ರಂಪ್ ಕೇಳಿದ್ದರಲ್ಲಿ ಹೆಚ್ಚೂಕಡಿಮೆ ಅರ್ಧ.

ಮುನಿಸಿಪಲ್ ಆರ್ಟ್ ಸೊಸೈಟಿ, ರೀಜನಲ್ ಪ್ಲಾನ್ ಅಸೋಸಿಯೇಷನ್, ವೆಸ್ಟ್‌ಪ್ರೈಡ್ ಸೇರಿ ಹಲವು ಸಂಘಟನೆಗಳು ಇದರ ಹಿಂದೆ ನಿಂತವು. 1991ರ ಮಾರ್ಚ್‌ನಲ್ಲಿ ಯಾರೂ ಎಣಿಸದ ಚಿತ್ರ ಪತ್ರಿಕೆಗಳಲ್ಲಿ ಬಂತು. ಐದು ವರ್ಷ ಜಗಳವಾಡಿದ ಟ್ರಂಪ್ ಮತ್ತು ಅವರ ವಿರೋಧಿಗಳು ಒಟ್ಟಿಗೆ! ಟ್ರಂಪ್ ತಮ್ಮ ಗೋಪುರ ಬಿಟ್ಟು ವಿರೋಧಿಗಳ ನಕ್ಷೆಯನ್ನು ಒಪ್ಪಿಕೊಂಡಿದ್ದರು. ಎರಡೂ ಕಡೆಯವರು ಸೇರಿ 'ರಿವರ್‌ಸೈಡ್ ಸೌತ್' ಅನ್ನೋ ಜಂಟಿ ಸಂಸ್ಥೆ ಮಾಡಿಕೊಂಡರು. 1992ರ ಡಿಸೆಂಬರ್‌ನಲ್ಲಿ ನಗರ ಪರಿಷತ್ತಿನ ಒಪ್ಪಿಗೆ ಸಿಕ್ಕಿತು. ಗರಿಷ್ಠ 5,700 ಮನೆ, ಜೊತೆಗೆ 20ಕ್ಕೂ ಹೆಚ್ಚು ಎಕರೆ ಪಾರ್ಕು.

ಒಪ್ಪದೇ ಬೇರೆ ದಾರಿ ಇತ್ತೇ ಅಂದರೆ, ಟ್ರಂಪ್‌ಗೂ ಇರಲಿಲ್ಲ. ಕೈಯಲ್ಲಿ ದುಡ್ಡಿಲ್ಲದವನಿಗೆ ಒಪ್ಪಿಗೆ ಸಿಕ್ಕ ಸಣ್ಣ ನಕ್ಷೆ, ಒಪ್ಪಿಗೆ ಸಿಗದ ದೊಡ್ಡ ನಕ್ಷೆಗಿಂತ ಎಷ್ಟೋ ಮೇಲು.

*

ಆದರೆ ಈ ಒಪ್ಪಂದ ಅಕ್ಕಪಕ್ಕದ ಮನೆಯವರನ್ನು ಎರಡು ಪಾಲು ಮಾಡಿತು. "ನೀವು ಅವರಿಗೆ ಮಾರಿಕೊಂಡಿರಿ" ಅಂತ ಒಂದು ಗುಂಪು. "ಪಾರ್ಕು ಬೇಕೋ, ಇನ್ನೂ 20 ವರ್ಷ ಪಾಳು ಯಾರ್ಡು ಬೇಕೋ" ಅಂತ ಇನ್ನೊಂದು ಗುಂಪು. ಗೋಪುರ ಬಿದ್ದರೂ ಸಾವಿರಾರು ಮನೆ ಬರುವುದು ನಿಜವೇ, ಸಬ್‌ವೇ ಇಕ್ಕಟ್ಟೂ ಹಾರ್ಲೆಮ್‌ನ ಘಟಕವೂ ಹಾಗೇ ಇವೆ ಅನ್ನೋದು ವಿರೋಧಿಗಳ ಮಾತು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ವಿರೋಧದಲ್ಲಿ ಗಟ್ಟಿಯಾಗಿ ನಿಂತ ರಾಜಕಾರಣಿ ಜೆರಲ್ಡ್ ನ್ಯಾಡ್ಲರ್. ರಾಜ್ಯದ ಶಾಸಕರಾಗಿದ್ದವರು 1992ರಲ್ಲಿ ಸಂಸತ್ತಿಗೆ ಆಯ್ಕೆಯಾದರು. ನಗರಕ್ಕೆ ಸರಕು ರೈಲು ಬೇಕು ಅನ್ನೋದು ಅವರ ಜೀವಮಾನದ ಹಟ. ನ್ಯೂಯಾರ್ಕ್ ಬಂದರಿನ ಕೆಳಗೆ ಸರಕು ರೈಲಿನ ಸುರಂಗ ಆಗಲಿ ಅಂತ ದಶಕಗಳ ಕಾಲ ವಾದಿಸಿದವರು. ಹೆದ್ದಾರಿ ಸರಿಸಿದರೆ ಲಾಭ ಖಾಸಗಿ ಬಿಲ್ಡರಿಗೆ, ಖರ್ಚು ಮಾತ್ರ ಸಾರ್ವಜನಿಕರದ್ದು, ಇದಕ್ಕೆ ಕೇಂದ್ರದ ದುಡ್ಡು ಯಾಕೆ ಅಂತ ವಾಷಿಂಗ್ಟನ್ನಿನಲ್ಲಿ ಅಡ್ಡ ನಿಂತರು. ದುಡ್ಡು ಬರಲಿಲ್ಲ. ಹೆದ್ದಾರಿ ಸರಿಯಲೂ ಇಲ್ಲ. ಮುಂದೆ ಯಾವತ್ತೋ ಕೆಡವಬೇಕಾದ ಅದೇ ಹೆದ್ದಾರಿಯನ್ನು 1990ರ ದಶಕದಲ್ಲಿ ಕೋಟಿಗಟ್ಟಲೆ ಡಾಲರ್ ಸುರಿದು ದುರಸ್ತಿ ಮಾಡಿದರು! ಮುಂದೊಂದು ದಿನ ಹೆದ್ದಾರಿ ಬಂದೀತು ಅಂತ ಹೊಸ ರಸ್ತೆಯ ಕೆಳಗೆ ಒಂದಷ್ಟು ದೂರ ಸುರಂಗದ ಚಿಪ್ಪನ್ನೂ ಕಟ್ಟಿಟ್ಟರು. ಹೆದ್ದಾರಿ ಮಾತ್ರ ಮೇಲೆಯೇ ಉಳಿಯಿತು.

ನಕ್ಷೆಯ ಪ್ರಾಣವಾಗಿದ್ದ ಐಡಿಯಾವೇ ಆಗಲಿಲ್ಲ ಅನ್ನೋದು ಈ ಕತೆಯ ದೊಡ್ಡ ವ್ಯಂಗ್ಯ. ಪಾರ್ಕು ಬಂತು, ಆದರೆ ಹೆದ್ದಾರಿಯ ಕೆಳಗೇ ಬಂತು.

*

ಕಟ್ಟಲು ದುಡ್ಡು ಬಂದದ್ದು ಹಾಂಗ್‌ಕಾಂಗಿನಿಂದ. 1994ರಲ್ಲಿ ಅಲ್ಲಿಯ ಹೂಡಿಕೆದಾರರ ಗುಂಪು ಸಾಲದ ಸಮೇತ ಜಾಗ ತೆಗೆದುಕೊಂಡಿತು. ಟ್ರಂಪ್‌ಗೆ ಮುಂದಿನ ಲಾಭದಲ್ಲಿ 30 ಪ್ರತಿಶತ ಪಾಲು, ಕಟ್ಟಡಗಳ ಮೇಲೆ ಹೆಸರು. 1990ರ ದಶಕದ ಕೊನೆಗೆ ಮೊದಲ ಕಟ್ಟಡಗಳು ಎದ್ದವು. 2001ರಲ್ಲಿ ಪಾರ್ಕಿನ ಮೊದಲ ಭಾಗ ತೆರೆಯಿತು. 2003ರಲ್ಲಿ 69ನೇ ಬೀದಿಯ ಆ ಕಬ್ಬಿಣದ ಗೋಪುರ ರಾಷ್ಟ್ರೀಯ ಐತಿಹಾಸಿಕ ಪಟ್ಟಿಗೆ ಸೇರಿತು.

2005ರಲ್ಲಿ ಹೂಡಿಕೆದಾರರು ಕಟ್ಟಡಗಳನ್ನೂ ಉಳಿದ ಜಾಗವನ್ನೂ 176 ಕೋಟಿ ಡಾಲರಿಗೆ ಮಾರಿದರು. ಕಡಿಮೆ ಬೆಲೆಗೆ ಮಾರಿದರು ಅಂತ ಟ್ರಂಪ್ ಪಾಲುದಾರರ ಮೇಲೇ ಕೋರ್ಟಿಗೆ ಹೋದರು, ಸೋತರು. ಆ ದುಡ್ಡನ್ನು ಪಾಲುದಾರರು ನ್ಯೂಯಾರ್ಕ್ ಮತ್ತು ಸ್ಯಾನ್‌ಫ್ರಾನ್ಸಿಸ್ಕೋದ ಎರಡು ಆಫೀಸ್ ಕಟ್ಟಡಗಳಲ್ಲಿ ಹಾಕಿದ್ದರು. ಅದರಲ್ಲಿನ 30 ಪ್ರತಿಶತ ಪಾಲು ಮುಂದೆ ಟ್ರಂಪ್ ಅವರ ಅತಿ ಬೆಲೆಬಾಳುವ ಆಸ್ತಿಗಳಲ್ಲಿ ಒಂದಾಯಿತು. ತಾನು ಬೇಡ ಅಂದದ್ದೇ ಕೈಹಿಡಿಯಿತು ನೋಡಿ.

2014ರಲ್ಲಿ ಇಲ್ಲಿಯ ಒಂದು ಹೊಸ ಕಟ್ಟಡ ಜಗತ್ತಿನಾದ್ಯಂತ ಸುದ್ದಿಯಾಯಿತು. ಅದರಲ್ಲಿ ಕಡಿಮೆ ಆದಾಯದವರಿಗೆ ಮೀಸಲಿಟ್ಟ 55 ಮನೆಗಳಿದ್ದವು. ಆ ಮನೆಗಳಿಗೆ ಬೇರೆ ಬಾಗಿಲು. ಪತ್ರಿಕೆಗಳು ಅದನ್ನು 'ಬಡವರ ಬಾಗಿಲು' ಅಂದವು. ಗಲಾಟೆ ಎಷ್ಟಾಯಿತೆಂದರೆ 2015ರಲ್ಲಿ ನ್ಯೂಯಾರ್ಕ್ ರಾಜ್ಯ ತೆರಿಗೆ ರಿಯಾಯಿತಿ ಪಡೆಯುವ ಕಟ್ಟಡಗಳಲ್ಲಿ ಹೀಗೆ ಬಾಗಿಲು ಬೇರೆ ಮಾಡುವುದನ್ನು ನಿಷೇಧಿಸಿತು. ಹಳೇ ನಕ್ಷೆಯ ಜಗಲಿಯ ಗೋಡೆಯನ್ನು ತಪ್ಪಿಸಿದ್ದೆವು ಅಂದುಕೊಂಡವರಿಗೆ ಗೋಡೆ ಬಾಗಿಲಿನ ರೂಪದಲ್ಲಿ ವಾಪಸ್ ಬಂದಿತ್ತು.

2016ರ ನವೆಂಬರ್‌ನಲ್ಲಿ, ಟ್ರಂಪ್ ಅಧ್ಯಕ್ಷರಾಗಿ ಆಯ್ಕೆಯಾದ ಕೆಲವೇ ದಿನಗಳಲ್ಲಿ, ಬಾಡಿಗೆದಾರರ ಒತ್ತಾಯಕ್ಕೆ ಮೂರು ಕಟ್ಟಡಗಳ ಮೇಲಿನ ಅವರ ಹೆಸರಿನ ಅಕ್ಷರಗಳನ್ನು ಕಿತ್ತರು. 2018ರಲ್ಲಿ ಕೋರ್ಟ್ ತೀರ್ಪಿನ ನಂತರ ಇನ್ನೊಂದು ಕಟ್ಟಡದಿಂದಲೂ. ದಕ್ಷಿಣ ತುದಿಯ 'ವಾಟರ್‌ಲೈನ್ ಸ್ಕ್ವೇರ್'ನ ಮೂರು ಗೋಪುರಗಳು ಮುಗಿಯುವ ಹೊತ್ತಿಗೆ 2020 ಹತ್ತಿರವಾಗಿತ್ತು. 1974ರಲ್ಲಿ ಮೊದಲ ಸಹಿ. ಅಲ್ಲಿಂದ ಲೆಕ್ಕ ಹಾಕಿ, ಹತ್ತಿರ ಹತ್ತಿರ 45 ವರ್ಷ.

*

ಇದನ್ನೆಲ್ಲ ಓದುತ್ತಾ ನನಗೆ ಹೊಳೆದದ್ದು ಎರಡು ಮಾತು.

ಒಂದು, 150 ಮಹಡಿಯ ಗೋಪುರ "ಬೇಡ" ಅನ್ನುವ ಕೂಗಿಗೆ ಮಾತ್ರ ಬೀಳಲಿಲ್ಲ. ಕೂಗು ಅದನ್ನು ಐದು ವರ್ಷಕ್ಕೂ ಹೆಚ್ಚು ಕಾಲ ತಡೆದು ನಿಲ್ಲಿಸಿತು, ಅಷ್ಟರಲ್ಲಿ ಬಡ್ಡಿ ಅದರ ಕಾಲು ಮುರಿಯಿತು. ಆದರೆ ಆ ಜಾಗಕ್ಕೆ ಪಾರ್ಕು ತಂದದ್ದು ಇನ್ನೊಂದು ನಕ್ಷೆ. ಸಂಬಳ ಕೊಡುವ ಬಿಲ್ಡರ್ ಇಲ್ಲದೆ, ಊರಿನವರ ಪರವಾಗಿ ಇಬ್ಬರು ಕೂತು ಬರೆದ ನಕ್ಷೆ. ವಿರೋಧಿಸುವವರಿಗೆ ಮನಸ್ಸು ಬೇಕು, ನಿಜ. ಪೆನ್ಸಿಲ್ಲೂ ಬೇಕು. ಮತ್ತು ಹಾಗೆ ಬರೆದವರನ್ನು ಸ್ವಂತ ಜನರೇ ದ್ರೋಹಿ ಅಂತಾರೆ, ಅದಕ್ಕೂ ತಯಾರಿರಬೇಕು. ಅವರು ಬರೆದದ್ದೆಲ್ಲ ಆಗಲಿಲ್ಲ. ಹೆದ್ದಾರಿ ಹಾಗೇ ಇದೆ. ಆದರೆ ಅದರ ಕೆಳಗೆ ನಡೆದು ನದಿಗೆ ಹೋಗಬಹುದು, ಟಿಕೆಟ್ ಇಲ್ಲ, ಗೋಡೆ ಇಲ್ಲ.

ಎರಡು, ಇದು ಸ್ವಲ್ಪ ನೋವಿನದ್ದು. ಎರಡೂ ನಕ್ಷೆಗಳು ಒಂದು ವಿಷಯದಲ್ಲಿ ಒಂದೇ ಆಗಿದ್ದವು. ರೈಲು ಯಾರ್ಡಿನ ಕಾಲ ಮುಗಿಯಿತು ಅನ್ನೋದನ್ನ ಇಬ್ಬರೂ ಪ್ರಶ್ನಿಸಲಿಲ್ಲ. ಯಾರ್ಡು ನೋಡುವವರ ಕಣ್ಣಿಗೆ ಖಾಲಿ ಜಾಗ. ಹುಲ್ಲು ಬೆಳೆದ ಹಳಿ, ಮುರಿದ ಶೆಡ್ಡು. ಆದರೆ ಒಂದು ದೊಡ್ಡ ಊರಿನ ನಡುವೆ, ಉದ್ದಕ್ಕೆ, ಅಡ್ಡ ಬೀದಿಯಿಲ್ಲದೆ, ಹೊರಗಿನ ಊರುಗಳಿಗೆ ಹಳಿಯ ಸಂಪರ್ಕ ಇರುವ 75 ಎಕರೆಯನ್ನು ಮತ್ತೆ ಹೊಸದಾಗಿ ಕೂಡಿಸಲು ಯಾರಿಂದಲೂ ಆಗುವುದಿಲ್ಲ. 19ನೇ ಶತಮಾನ ಅದನ್ನು ಮಾಡಿಟ್ಟು ಹೋಗಿತ್ತು. ಅಲ್ಲಿ ಮನೆಗಳು ಎದ್ದ ಮೇಲೆ ಮ್ಯಾನ್‌ಹಟನ್ನಿನ ಹಾಲು, ಹಣ್ಣು, ಸಿಮೆಂಟು ಎಲ್ಲ ಲಾರಿಯಲ್ಲೇ ಬರಬೇಕು, ಸೇತುವೆ ಸುರಂಗಗಳಲ್ಲಿ ಹಾರನ್ ಹೊಡೆಯುತ್ತಾ, ಹೊಗೆ ಬಿಡುತ್ತಾ. ಆ ಹೊಗೆಯ ಲೆಕ್ಕ ಯಾವ ನಕ್ಷೆಯಲ್ಲೂ ಇರಲಿಲ್ಲ.

ಹಾಗಂತ ರೈಲು ಪೂರ್ತಿ ಹೋಗಲಿಲ್ಲ. 1991ರ ಏಪ್ರಿಲ್‌ನಲ್ಲಿ, ಆ ಒಪ್ಪಂದವಾದ ಮರುತಿಂಗಳೇ, ಆಮ್‌ಟ್ರಾಕ್ ಹಳೇ ಹಳಿಯನ್ನು ಸರಿಮಾಡಿ ಆಲ್ಬನಿ ಕಡೆಯ ಪ್ರಯಾಣಿಕರ ರೈಲುಗಳನ್ನು ಈ ದಾರಿಯಲ್ಲಿ ಪೆನ್ ಸ್ಟೇಷನ್‌ಗೆ ಓಡಿಸತೊಡಗಿತು. ಆ ರೈಲು ಈಗ ಅಪಾರ್ಟ್‌ಮೆಂಟುಗಳ ಅಡಿಯಲ್ಲಿ, ಕತ್ತಲಲ್ಲಿ ಹಾದು ಹೋಗುತ್ತದೆ. ಸ್ವಲ್ಪ ದಕ್ಷಿಣಕ್ಕೆ, 2012ರಲ್ಲಿ ಕೆಲಸ ಶುರುವಾದ ಹಡ್ಸನ್ ಯಾರ್ಡ್ಸ್‌ನಲ್ಲಿ ಯಾರ್ಡನ್ನು ಕೀಳದೆ, ಅದರ ಮೇಲೆ ಮುಚ್ಚಿಗೆ ಹಾಕಿ ಗೋಪುರ ಕಟ್ಟಿದರು. ಕೆಳಗೆ ರೈಲು ನಿಲ್ಲುತ್ತದೆ, ಮೇಲೆ ಊರು. ಖರ್ಚು ವಿಪರೀತ, ಆದರೆ ಹಳಿ ಉಳಿಯಿತು. ಎರಡನ್ನೂ ಉಳಿಸಿಕೊಳ್ಳುವ ದಾರಿ ಇತ್ತು ಅನ್ನೋದಕ್ಕೆ ಸಾಕ್ಷಿ.

69ನೇ ಬೀದಿಯ ಗೋಪುರಕ್ಕೆ ಈಗ ಏನೂ ಕೆಲಸವಿಲ್ಲ. ಉಬ್ಬರಕ್ಕೆ ನೀರು ಏರುತ್ತದೆ, ಇಳಿತಕ್ಕೆ ಇಳಿಯುತ್ತದೆ, ಅದು ಇದ್ದಲ್ಲೇ ಇರುತ್ತದೆ. 509 ಮೀಟರ್ ಎತ್ತರದ್ದು ಕಾಗದದಲ್ಲೇ ಉಳಿಯಿತು; ಕಾಗದದ ಕನಸು ಕಾಣದೆ ಬರೀ ಸರಕು ಸಾಗಿಸಿದ್ದು ಇನ್ನೂ ನಿಂತಿದೆ.

ನಿಮ್ಮೂರಿನಲ್ಲೂ ಖಾಲಿ ಅಂತ ಕಾಣುವ ಇಂಥದ್ದೊಂದು ಜಾಗ ಇದ್ದೇ ಇರುತ್ತದೆ. ಅಲ್ಲಿ ಏನು ಬೇಡ ಅನ್ನೋದು ನಿಮಗೆ ಗೊತ್ತಿರುತ್ತದೆ. ಏನು ಬೇಕು ಅಂತ ಯಾವತ್ತಾದರೂ ಕಾಗದದ ಮೇಲೆ ಬರೆದು ನೋಡಿದ್ದೀರಾ? ಬರೆದಿದ್ದರೆ ತಿಳಿಸಿ, ಓದೋಣ.